ಐದು ರೂಪಾಯಿ ಉಳಿಸಲು ಹೋಗಿ

ಚೆಕ್ ಬೌನ್ಸ್ ಆದವರಿರಲಿ, ಬಾಡಿಗೆ ಬಾಕಿ ಕೇಳುವವರಿರಲಿ, ಬೆಳಗಾವಿ, ಖಾನಾಪುರದ ಕೋರ್ಟಿಗಿಂತ ಮೊದಲು ಹತ್ತುವುದು ಅಂಚೆ ಕಚೇರಿಯ ಮೆಟ್ಟಿಲನ್ನೇ. ಅಲ್ಲೀಗ ಖರ್ಚು ಏರಿದೆ. 2025ರ ಸೆಪ್ಟೆಂಬರ್ 1ರಂದು ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಯಿತು. ಅಕ್ಟೋಬರ್ 1ರಿಂದ ದರವೂ ಬದಲಾಯಿತು. 50 ಗ್ರಾಂವರೆಗಿನ ಲಕೋಟೆಗೆ ಸ್ಥಳೀಯವಾಗಿ 19 ರೂಪಾಯಿ, ಹೊರಗೂರಿಗೆ 47. ನೋಂದಣಿಗೆ ಮತ್ತೆ 5, ಮೇಲೆ ಶೇ 18ರ ಜಿಎಸ್‌ಟಿ. ಖಾನಾಪುರದಿಂದ ಬೆಂಗಳೂರಿಗೆ 26 ರೂಪಾಯಿಯಲ್ಲಿ ಹೋಗುತ್ತಿದ್ದ ಹಗುರ ನೋಟಿಸಿಗೆ ಈಗ 61 ರೂಪಾಯಿ. ಉಳಿತಾಯದ ಯೋಚನೆ ಬರುವುದು ಸಹಜ. ಆದರೆ ಕತ್ತರಿ ಎಲ್ಲಿ ಆಡಿಸಬೇಕೆಂಬುದನ್ನು ಕಾನೂನನ್ನು ನೋಡಿ ನಿರ್ಧರಿಸಬೇಕು.

1897ರ ಜನರಲ್ ಕ್ಲಾಸಸ್ ಕಾಯ್ದೆಯ 27ನೇ ಕಲಮು ಕೇಳುವುದು ಮೂರನ್ನು: ವಿಳಾಸ ಸರಿಯಿರಬೇಕು, ಶುಲ್ಕ ಪೂರ್ತಿ ಕಟ್ಟಿರಬೇಕು, ನೋಂದಣಿಯಾಗಿರಬೇಕು. ಇಷ್ಟಾದರೆ ಪತ್ರ ತಲುಪಿತೆಂದೇ ಕೋರ್ಟು ಭಾವಿಸುತ್ತದೆ. ಇಲ್ಲವೆಂದು ತೋರಿಸುವ ಹೊಣೆ ಎದುರಾಳಿಯದು. ಚೆಕ್ ಪ್ರಕರಣದಲ್ಲೂ ಇದು ಸಲ್ಲುತ್ತದೆಂದು ಸುಪ್ರೀಂ ಕೋರ್ಟ್ 2007ರ ಅಲವಿ ಹಾಜಿ ತೀರ್ಪಿನಲ್ಲಿ ಹೇಳಿದೆ. ಹಾಗಾಗಿ ಆ ಐದು ರೂಪಾಯಿಗೆ ಕೈ ಹಾಕಬೇಡಿ. ವಿಳಾಸಕ್ಕೂ ಅಷ್ಟೇ ತೂಕವಿದೆ: ಸಾಂಗ್ಲಿ ಜಿಲ್ಲೆಯಲ್ಲೂ ಒಂದು ಖಾನಾಪುರ ತಾಲ್ಲೂಕಿದೆ. ನಮ್ಮ ಖಾನಾಪುರ ಪಟ್ಟಣದ ಪಿನ್ 591302 ಬರೆಯದೆ ಬಿಟ್ಟರೆ ಲಕೋಟೆ ಕೃಷ್ಣೆಯನ್ನೂ ದಾಟೀತು. ಹಳಬರು ನೆನಪಿಸಿಕೊಳ್ಳುವ ಅಗ್ಗದ ಪೋಸ್ಟಿಂಗ್ ಸರ್ಟಿಫಿಕೇಟ್ 2011ರಲ್ಲೇ ನಿಂತುಹೋಗಿದೆ.

ಬರಿಯ ಸ್ಪೀಡ್ ಪೋಸ್ಟಿಗೂ ಟ್ರ್ಯಾಕಿಂಗ್ ಇದೆಯಲ್ಲ ಎನ್ನಬಹುದು. ಟ್ರ್ಯಾಕಿಂಗ್ ತೋರಿಸುವುದು ಲಕೋಟೆಯ ದಾರಿಯನ್ನು. ವಿಳಾಸದಾರರಿಗೇ ಕೊಡಬೇಕೆಂಬ ಕಟ್ಟು ಬರುವುದು ನೋಂದಣಿಯಿಂದ. ವಾಟ್ಸ್‌ಆ್ಯಪ್ ಪುಕ್ಕಟೆಯಲ್ಲವೇ ಎಂಬ ಪ್ರಶ್ನೆಗೆ ಹೆಚ್ಚು ಬಲವಿದೆ. ಚೆಕ್ ಬೌನ್ಸ್ ಕುರಿತ 138ನೇ ಕಲಮು ಲಿಖಿತ ನೋಟಿಸ್ ಎನ್ನುತ್ತದೆಯೇ ಹೊರತು ಅಂಚೆಯೇ ಆಗಬೇಕೆನ್ನುವುದಿಲ್ಲ; ಅಲಹಾಬಾದ್ ಹೈಕೋರ್ಟ್ 2024ರಲ್ಲಿ ಇಮೇಲ್, ವಾಟ್ಸ್‌ಆ್ಯಪ್ ನೋಟಿಸನ್ನು ಒಪ್ಪಿದೆ. ಆದರೆ ಮೊಬೈಲಿನ ಸಂದೇಶವನ್ನು ಸಾಕ್ಷ್ಯವಾಗಿ ಹಾಜರುಪಡಿಸಲು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಜೊತೆಗೆ ಕಳಿಸಿ, ಬದಲಿಗೆ ಬೇಡ. ಬ್ಯಾಂಕಿನ ಮೆಮೋ ಕೈಸೇರಿದ 30 ದಿನದೊಳಗೆ ನೋಟಿಸ್ ಹೊರಡಬೇಕು. ಆಮೇಲೆ ತಿದ್ದಿಕೊಳ್ಳಲು ಸಮಯವಿರುವುದಿಲ್ಲ.

ನಿಜವಾದ ಉಳಿತಾಯವಿರುವುದು ಸರ್ಕಾರಿ ಕಚೇರಿಗಳಿಗೆ ಹೋಗುವ ಟಪಾಲಿನಲ್ಲಿ. ಅರ್ಜಿಯನ್ನು ಆವಕ ವಿಭಾಗಕ್ಕೆ ಮುದ್ದಾಂ ಕೊಟ್ಟು, ಎರಡನೇ ಪ್ರತಿಯ ಮೇಲೆ ಮೊಹರು, ತಾರೀಖು, ಸಹಿ ಹಾಕಿಸಿಕೊಂಡರೆ ಅಂಚೆ ರಸೀದಿಗಿಂತ ಗಟ್ಟಿ ಪುರಾವೆ. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ಉಚಿತವಿರುವುದರಿಂದ ಖಾನಾಪುರದಿಂದ ಬೆಳಗಾವಿಗೆ ಅಂಚೆಗಿಂತ ಅಕ್ಕನೇ ಅಗ್ಗ! ಜಾಂಬೋಟಿ ಕಡೆಯ ಕೂಲಿಕಾರರಿಗೆ ಈ ಲೆಕ್ಕ ಒಗ್ಗದು, ನಿಜ. ದಿನದ ಪಗಾರ ಬಿಡುವುದಕ್ಕಿಂತ ಅಂಚೆಯೇ ಲೇಸು. ಅವರಿಗೂ ಮಾಹಿತಿ ಹಕ್ಕು ಕಾಯ್ದೆಯಲ್ಲೊಂದು ಅನುಕೂಲವಿದೆ: ಯಾವ ಕಚೇರಿಯೆಂದು ತಿಳಿಯದೆ ಮೂರು ಕಡೆ ಕಳಿಸಬೇಕಿಲ್ಲ. 6(3)ರ ಪ್ರಕಾರ ತಪ್ಪು ಕಚೇರಿಗೆ ಹೋದ ಅರ್ಜಿಯನ್ನು ಐದು ದಿನದೊಳಗೆ ಸಂಬಂಧಪಟ್ಟವರಿಗೆ ವರ್ಗಾಯಿಸುವುದು ಆ ಕಚೇರಿಯದೇ ಕೆಲಸ. ರೈಲ್ವೆಯಂಥ ಕೇಂದ್ರ ಇಲಾಖೆಗೆ ಬರೆದ ಅರ್ಜಿಯನ್ನು ಇದಕ್ಕೆಂದೇ ಗೊತ್ತುಪಡಿಸಿದ ಅಂಚೆ ಕಚೇರಿಗಳಲ್ಲಿ ಕೊಟ್ಟರೆ ಅಂಚೆಯವರೇ ಮುಂದಕ್ಕೆ ಕಳಿಸುತ್ತಾರೆ.

ಅಂಚೆಯಲ್ಲೇ ಹೋಗಬೇಕಾದ ನೋಟಿಸಿನಲ್ಲಿ ಉಳಿಯುವುದು ತೂಕವೊಂದೇ. 80 ಜಿಎಸ್‌ಎಂನ ಎ4 ಹಾಳೆ ಸುಮಾರು 5 ಗ್ರಾಂ ತೂಗುತ್ತದೆ. ಎಂಟು ಹಾಳೆ, ತೆಳು ಲಕೋಟೆ 50 ಗ್ರಾಂ ದಾಟುವುದಿಲ್ಲ. ದಾಟಿದರೆ 200 ಕಿಲೋಮೀಟರ್ ಒಳಗಿನ ಊರಿಗೇ 47 ಹೋಗಿ 59 ಆಗುತ್ತದೆ. ಎರಡೂ ಮಗ್ಗುಲು ಪ್ರಿಂಟ್ ಹಾಕಿ ಎಂದು ವಕೀಲರ ಗುಮಾಸ್ತರಿಗೆ ಮೊದಲೇ ಹೇಳಿಡಿ.