ತೇವವೂ ಕಿಡಿಯೂ

ಬೆಂಗಳೂರು–ಮೈಸೂರು ಹೆದ್ದಾರಿಯ ಮಗ್ಗುಲಲ್ಲಿ, ಮದ್ದೂರಿಗೆ ಸಮೀಪದಲ್ಲಿರುವ ಊರು ಸೋಮನಹಳ್ಳಿ. ಈ ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಹೆಚ್ಚು. ಕಬ್ಬಿನ ಗದ್ದೆಗಳ ನಡುವೆ ಗಾಳಿಯೂ ನೀರುಂಡಂತೆ ಭಾರವಾಗಿರುತ್ತದೆ.

1980ರ ದಶಕದ ಅಂಥದೊಂದು ಇರುಳನ್ನು ಕಲ್ಪಿಸಿಕೊಳ್ಳಬಹುದು. ರಾತ್ರಿಯೆಲ್ಲ ಸುರಿದ ಮಳೆ ಕೋಳಿ ಕೂಗುವ ಹೊತ್ತಿಗೆ ನಿಂತಿದೆ. ಮನೆಯೊಂದರ ಮುಂದೆ ಬಾಡಿಗೆಯ ಅಂಬಾಸಿಡರ್ ಕಾರು. ಅದರ ಹಿಂದಿನ ಸೀಟಿನಲ್ಲಿ ಚೊಚ್ಚಲ ಬಸುರಿಯೊಬ್ಬಳನ್ನು ಮಲಗಿಸಿದ್ದಾರೆ. ನೋವು ಆಗಲೇ ಕಾಣಿಸಿಕೊಂಡಿದೆ. ಮಂಡ್ಯದ ಆಸ್ಪತ್ರೆಯನ್ನು ಸೇರಬೇಕು. ಚಾಲಕನು ಸೆಲ್ಫ್ ಹಾಕಿದನು. ಎಂಜಿನ್ ಗರಗರನೆ ತಿರುಗಿತು, ಹತ್ತಿಕೊಳ್ಳಲಿಲ್ಲ. ಮತ್ತೆ ಹಾಕಿದನು, ಮತ್ತೆ ಅದೇ ಗರಗರ. ನಾಲ್ಕನೆಯ ಸಲಕ್ಕೆ ಆ ಸದ್ದು ಕುಗ್ಗತೊಡಗಿತು.

ನಿದ್ದೆಯಿಂದೆದ್ದು ಬಂದ ನೆರೆಮನೆಯ ಮುದುಕರು ಬಹುಕಾಲ ಲಾರಿ, ಕಾರುಗಳ ದುರಸ್ತಿ ಮಾಡಿದವರು. ಅವರು ಬಂದವರೇ ಆಡಿದ ಮೊದಲ ಮಾತು: “ಸಾಕು ಕಣಪ್ಪ, ಸೆಲ್ಫ್ ಹಾಕ್‌ಬ್ಯಾಡ. ಬ್ಯಾಟ್ರಿ ಸತ್ತೋದ್ರೆ ಆಮೇಲೆ ನಾನೂ ಏನೂ ಮಾಡಕಾಗಕಿಲ್ಲ.”

ಈ ಮಾತಿನ ಅರ್ಥ ತಿಳಿಯಬೇಕಾದರೆ ಪೆಟ್ರೋಲ್ ಎಂಜಿನ್ನಿನೊಳಗೆ ಕಿಡಿ ಹುಟ್ಟುವ ಬಗೆಯನ್ನು ಅರಿಯಬೇಕು. ಪೆಟ್ರೋಲಿನ ಆವಿ ಮತ್ತು ಗಾಳಿಯ ಮಿಶ್ರಣಕ್ಕೆ ಸ್ಪಾರ್ಕ್ ಪ್ಲಗ್ಗಿನ ತುದಿಯ ಕಿಡಿ ಬೆಂಕಿ ಹೊತ್ತಿಸುತ್ತದೆ. ಆದರೆ ಕಾರಿನ ಬ್ಯಾಟರಿಯದು ಕೇವಲ 12 ವೋಲ್ಟ್. ಒತ್ತಡದಲ್ಲಿರುವ ಆ ಮಿಶ್ರಣದ ನಡುವೆ ಕಿಡಿ ಹಾರಬೇಕಾದರೆ ಹತ್ತು ಸಾವಿರ ವೋಲ್ಟ್, ಕೆಲವೊಮ್ಮೆ ಅದಕ್ಕೂ ಮಿಗಿಲು ಬೇಕು. ಈ ಅಂತರವನ್ನು ತುಂಬುವುದು ಕಾಯಿಲ್. ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಇದರ ಮೂಲತತ್ತ್ವ. ಕಾಯಿಲಿನಲ್ಲಿ ದಪ್ಪ ತಂತಿಯ ಕೆಲವು ನೂರು ಸುತ್ತುಗಳ ಜೊತೆಗೆ ತೆಳುತಂತಿಯ ಸಾವಿರಾರು ಸುತ್ತುಗಳಿರುತ್ತವೆ. ದಪ್ಪ ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ‘ಪಾಯಿಂಟ್’ ಎಂಬ ಪುಟ್ಟ ಬಾಗಿಲು ಥಟ್ಟನೆ ಕಡಿದಾಗ ಕಾಂತಕ್ಷೇತ್ರವು ಕುಸಿದು, ತೆಳುತಂತಿಯಲ್ಲಿ ಭಾರಿ ವೋಲ್ಟೇಜು ಚಿಮ್ಮುತ್ತದೆ. ಅದನ್ನು ನಾಲ್ಕು ಪ್ಲಗ್ಗುಗಳಿಗೆ ಸರದಿಯಂತೆ ಹಂಚುವುದು ಡಿಸ್ಟ್ರಿಬ್ಯೂಟರ್. ಅದರ ಮುಚ್ಚಳದೊಳಗೆ ರೋಟರ್ ಎಂಬ ತುಣುಕು ಸುತ್ತುತ್ತ ಅಂಬಾಸಿಡರ್ ಎಂಜಿನ್ನಿನಲ್ಲಿ 1, 3, 4, 2 ಎಂಬ ಕ್ರಮದಲ್ಲಿ ಕಿಡಿಯನ್ನು ದಾಟಿಸುತ್ತದೆ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ ನೂರು ಕಿಡಿಗಳು! ಡೀಸೆಲ್ ಎಂಜಿನ್ನಿಗೆ ಈ ಗೊಡವೆಯೇ ಇಲ್ಲ. ಅದು ಗಾಳಿಯನ್ನು ಒತ್ತಿ ಕಾಯಿಸಿಯೇ ಬೆಂಕಿ ಪಡೆಯುತ್ತದೆ.

ಹೆಚ್ಚಿನ ವೋಲ್ಟೇಜಿನ ವಿದ್ಯುತ್ತಿಗೆ ಕಳ್ಳದಾರಿ ಹುಡುಕುವ ಚಾಳಿ. ಮಂಡ್ಯ ಜಿಲ್ಲೆಯವರಿಗೆ ಇದಕ್ಕೊಂದು ಹತ್ತಿರದ ನಿದರ್ಶನವಿದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲಪಿತು. ಇಂಥ ಮಾರ್ಗಗಳ ಕಂಬಗಳ ಮೇಲೆ ತಂತಿಯನ್ನು ಹೊತ್ತ ಪಿಂಗಾಣಿಯ ಬಟ್ಟಲುಗಳನ್ನು ಗಮನಿಸಿದರೆ ಅವು ಕೊಡೆಯ ಆಕಾರದಲ್ಲಿರುವುದು ಕಾಣುತ್ತದೆ. ಮೇಲ್ಭಾಗ ಎಷ್ಟೇ ನೆನೆದರೂ ಕೊಡೆಯ ಒಳಬದಿ ಒಣಗಿರಬೇಕು. ಇಲ್ಲವಾದರೆ ತೇವದ ಮೇಲ್ಮೈಯಗುಂಟ ವಿದ್ಯುತ್ತು ಕಂಬಕ್ಕೆ ಸೋರಿ ನೆಲ ಸೇರುತ್ತದೆ. ಡಿಸ್ಟ್ರಿಬ್ಯೂಟರಿನ ಮುಚ್ಚಳವೂ ಅಂಥದೇ ಅವಾಹಕ. ಹಗಲು ಕಾದ ಎಂಜಿನ್ನು ಇರುಳಲ್ಲಿ ತಣಿದಾಗ, ಒಳಗಿನ ತೇವಗಾಳಿ ಮುಚ್ಚಳದ ಒಳಮೈಯಲ್ಲಿ ಇಬ್ಬನಿಯಾಗಿ ಕೂರುತ್ತದೆ. ಶುದ್ಧವಾದ ನೀರು ವಿದ್ಯುತ್ತನ್ನು ಅಷ್ಟಾಗಿ ಒಯ್ಯದು. ಆದರೆ ಮುಚ್ಚಳದ ಮೇಲೆ ಧೂಳು, ಎಣ್ಣೆಜಿಡ್ಡು, ಇಂಗಾಲದ ಪುಡಿ ಇದ್ದೇ ಇರುತ್ತವೆ. ಅವುಗಳೊಡನೆ ಕಲೆತ ನೀರು ವಾಹಕವಾಗಿ, ಪ್ಲಗ್ಗಿಗೆ ಹೋಗಬೇಕಾದ ಕಿಡಿ ನಡುದಾರಿಯಲ್ಲೇ ಇಳಿದುಹೋಗುತ್ತದೆ.

ಇದರ ಮೇಲೆ ಇನ್ನೊಂದು ಕಷ್ಟ. ಸೆಲ್ಫ್ ಮೋಟಾರು ನೂರು ಆಂಪಿಯರಿಗೂ ಮೀರಿ ಎಳೆಯುವುದರಿಂದ ಆ ಕ್ಷಣದಲ್ಲಿ ಬ್ಯಾಟರಿಯ 12 ವೋಲ್ಟ್ ಹತ್ತಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ; ಕಾಯಿಲಿಗೆ ಸಿಕ್ಕುವ ಪಾಲೂ ಕಡಿಮೆಯಾಗುತ್ತದೆ. ಸೋರಿಕೆ ಹೆಚ್ಚಾಗಿರುವ ಹೊತ್ತಿನಲ್ಲೇ ಕಿಡಿ ಬಡವಾಗುತ್ತದೆ. ಮುದುಕರು ಮೊದಲು ಸೆಲ್ಫ್ ನಿಲ್ಲಿಸಿದ್ದು ಈ ಕಾರಣಕ್ಕೆ.

ಅವರು ಬಾನೆಟ್ ಎತ್ತಿ ಮೂಸಿದರು. ಪೆಟ್ರೋಲಿನ ವಾಸನೆ ಚೆನ್ನಾಗಿಯೇ ಇತ್ತು. ಅಂದಮೇಲೆ ಪೆಟ್ರೋಲ್ ಬರುತ್ತಿದೆ. ಎಂಜಿನ್ನು ತಿರುಗುತ್ತಿದೆ, ಬ್ಯಾಟರಿಯಲ್ಲಿ ಇನ್ನೂ ಜೀವವಿದೆ. ಉಳಿದದ್ದು ಕಿಡಿ. ಹುಡುಗನೊಬ್ಬ ಲಾಟೀನನ್ನು ಎಂಜಿನ್ನಿನ ಬಳಿಗೆ ತಂದಾಗ ಗದರಿದರು: “ದೂರ ತಕ್ಕಂಡೋಗ್ಲಾ ಮಗ, ಪೆಟ್ರೋಲೈತೆ. ಕತ್ಲೇನೇ ಬೇಕು ನಂಗೆ.” ಕತ್ತಲೆಯಲ್ಲಿ ಚಾಲಕನಿಗೆ ಒಂದೇ ಒಂದು ಸಲ ಸೆಲ್ಫ್ ಹಾಕಲು ಹೇಳಿದರು. ಡಿಸ್ಟ್ರಿಬ್ಯೂಟರಿನ ಸುತ್ತ, ತಂತಿಗಳ ಬುಡದಲ್ಲಿ, ನೀಲಿ ಎಳೆಗಳು ಮಿಣಮಿಣನೆ ಹರಿದಾಡಿದವು. ಹಗಲಾಗಿದ್ದರೆ ಅದು ಕಾಣುತ್ತಲೇ ಇರಲಿಲ್ಲ.

ಆದರೂ ಕಾಯಿಲ್ ಸರಿಯಾಗಿದೆಯೇ ಎಂಬುದು ತಿಳಿಯಬೇಕಲ್ಲ. ಪೆಟ್ರೋಲಿನ ಪಸೆ ಎಲ್ಲಿಯೂ ಇಲ್ಲವೆಂದು ನೋಡಿಕೊಂಡು, ಕಾಯಿಲಿನಿಂದ ಬರುವ ನಡುತಂತಿಯನ್ನು ಮುಚ್ಚಳದಿಂದ ಕಿತ್ತು, ಒಣಗಿದ ಮರದ ಹಿಡಿಯ ಇಕ್ಕಳದಿಂದ ಎಂಜಿನ್ನಿನ ಲೋಹಕ್ಕೆ ಕಾಲು ಅಂಗುಲ ದೂರದಲ್ಲಿ ಹಿಡಿದರು. ಎಂಜಿನ್ನು ತಿರುಗಿದಾಗ ದಪ್ಪನೆಯ ನೀಲಿ ಕಿಡಿ ಚಟಚಟನೆ ಹಾರಿತು. ಕಿಡಿ ಕೆಂಪಗೆ, ಸಪ್ಪಗೆ ಇದ್ದಿದ್ದರೆ ಪಾಯಿಂಟನ್ನೂ ಕಂಡೆನ್ಸರನ್ನೂ ಶಂಕಿಸಬೇಕಾಗಿತ್ತು. ಇಲ್ಲಿ ಕಳ್ಳನು ಮುಚ್ಚಳದಿಂದ ಮುಂದಕ್ಕೆ ಇದ್ದಾನೆ ಎಂದಾಯಿತು. (ಈ ಪರೀಕ್ಷೆ ಪಳಗಿದ ಕೈಯವರದು. ಎಲೆಕ್ಟ್ರಾನಿಕ್ ದಹನ ವ್ಯವಸ್ಥೆಯ ಕಾರುಗಳಲ್ಲಿ ಇದನ್ನು ಮಾಡಲೇಬಾರದು. ವೋಲ್ಟೇಜು ಹೆಚ್ಚು, ಯಂತ್ರಕ್ಕೂ ಮನುಷ್ಯನಿಗೂ ಅಪಾಯ.)

ತಂತಿಗಳನ್ನು ಬಿಚ್ಚುವ ಮೊದಲು ಅವರು ಒಂದೊಂದಕ್ಕೂ ದಾರ ಕಟ್ಟಿದರು: ಮೊದಲನೆಯದಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು. ಕ್ರಮ ತಪ್ಪಿದರೆ ಎಷ್ಟು ಒಣಗಿಸಿದರೂ ಕಾರು ಹೊರಡದು. ಮುಚ್ಚಳದ ಒಳಗೆ ಬೆವರಿನಂತೆ ಹನಿಗಳು. ಬಟ್ಟೆಯಿಂದ ಒರೆಸಿ ಲಾಟೀನಿನತ್ತ ಹೋಗಿ ಹಿಡಿದು ನೋಡಿದಾಗ, ಎರಡು ಹಿತ್ತಾಳೆಯ ಮೊಳೆಗಳ ನಡುವೆ ಕೂದಲೆಳೆಯಷ್ಟು ತೆಳುವಾದ ಕಪ್ಪು ಗೆರೆ ಕಂಡಿತು. ಸೋರಿದ ಕಿಡಿ ಮುಚ್ಚಳದ ಮೈಯನ್ನೇ ಸುಟ್ಟು ಬರೆದ ಇಂಗಾಲದ ದಾರಿ ಅದು. ಇಂಗಾಲ ವಾಹಕವಾದ್ದರಿಂದ ಇಂಥ ಗೆರೆ ಬಿದ್ದ ಮುಚ್ಚಳ ಒಣಗಿದ ಮೇಲೂ ನಂಬಿಕೆಗೆ ಅರ್ಹವಲ್ಲ. ಚಾಕುವಿನ ಮೊನೆಯಿಂದ ಆ ಗೆರೆಯನ್ನು ಕೆರೆದು ತೆಗೆದು, ಪೆಟ್ರೋಲಿನಲ್ಲಿ ನೆಂದಿದ್ದ ನಾಲ್ಕು ಪ್ಲಗ್ಗುಗಳನ್ನೂ ಬಿಚ್ಚಿ ಒರೆಸಿ, ಎಲ್ಲವನ್ನೂ ಬಸುರಿಯ ಅತ್ತೆಯ ಕೈಗೆ ಕೊಟ್ಟು, ಒಲೆಯ ಕಾವಿನ ಬಳಿ ಇಡುವಂತೆ ಹೇಳಿದರು.

“ಏನಣ್ಣ, ಗಾಡಿ ಹೊಂಟಾದಾ?”

“ಹೊಂಟಾದು ಕಣವ್ವ, ವಸಿ ತಡಿ.”

ಇದು ಮಳೆನಾಡುಗಳೆಲ್ಲದರ ಕಷ್ಟ. ಇಂಗ್ಲೆಂಡಿನಲ್ಲಿ 1959ರಲ್ಲಿ ಬಂದ, ಅಲೆಕ್ ಇಸಿಗೊನಿಸ್ ರೂಪಿಸಿದ ಮಿನಿ ಕಾರಿನಲ್ಲಿ ಎಂಜಿನ್ನನ್ನು ಅಡ್ಡಲಾಗಿ ಕೂರಿಸಿದ್ದರಿಂದ ಡಿಸ್ಟ್ರಿಬ್ಯೂಟರು ಮುಂಭಾಗದ ಜಾಲರಿಯ ಹಿಂದೆಯೇ ಬಂತು. ಮಳೆಯ ನೀರು ನೇರ ಅದಕ್ಕೇ ಎರಚುತ್ತಿತ್ತು. ಎಷ್ಟೋ ಮಾಲೀಕರು ಅಡುಗೆಮನೆಯ ರಬ್ಬರ್ ಕೈಚೀಲವನ್ನು ಅದಕ್ಕೆ ತೊಡಿಸಿ, ಬೆರಳ ತುದಿಗಳಲ್ಲಿ ತಂತಿಗಳನ್ನು ಹೊರತೆಗೆದರು! ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಇಂದಿನ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರೇ ಇಲ್ಲ. ಬಹುತೇಕ ಎಂಜಿನ್ನುಗಳಲ್ಲಿ ಪ್ರತಿ ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಕಾಯಿಲ್. ಆದರೂ ಪ್ಲಗ್ಗಿನ ಗುಳಿಗೆ ನೀರಿಳಿದರೆ ಎಂಜಿನ್ನು ಕುಂಟುತ್ತದೆ. ಆಗ ಅನುಮಾನದ ಕಾಯಿಲನ್ನು ಬೇರೊಂದರ ಜಾಗಕ್ಕೆ ಬದಲಿಸುತ್ತಾರೆ. ಕುಂಟು ಅದರೊಡನೆ ಹೋದರೆ ದೋಷ ಕಾಯಿಲಿನದು, ಇದ್ದಲ್ಲೇ ಉಳಿದರೆ ಬೇರೆಯದು.

ಮುಚ್ಚಳವೂ ಪ್ಲಗ್ಗುಗಳೂ ಬೆಚ್ಚಗಾಗಿ ಬಂದವು. ಮುದುಕರು ತಂತಿಗಳನ್ನು ಒರೆಸಿ, ಗಂಟುಗಳನ್ನು ಎಣಿಸಿಕೊಂಡು ಸಿಕ್ಕಿಸಿದರು. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹಾಕುವಂತೆ ಹೇಳಿದರು; ಒಳಗೆ ಮಿಕ್ಕಿದ್ದ ಪೆಟ್ರೋಲು ಗಾಳಿಯೊಡನೆ ಹೊರಹೋಗಬೇಕು. ಎಂಜಿನ್ನು ಎರಡು ಸಲ ಕೆಮ್ಮಿತು, ಮೂರು ಸಿಲಿಂಡರಿನಲ್ಲಿ ನಡುಗುತ್ತ ಎದ್ದಿತು; ಕ್ಷಣದಲ್ಲೇ ನಾಲ್ಕನೆಯದೂ ಕೂಡಿಕೊಂಡಿತು.

“ಆಸ್ಪತ್ರೆ ಬಾಗ್ಲು ಮುಟ್ಟೋಗಂಟ ಆಫ್ ಮಾಡ್‌ಬ್ಯಾಡ” ಎಂದು ಅವರು ಕಿಟಕಿಯೊಳಗೆ ಬಗ್ಗಿ ಹೇಳಿದರು. “ಬರೋವಾಗ ಮಂಡ್ಯದಲ್ಲಿ ಹೊಸ ಮುಚ್ಚಳ ತಕ್ಕಂಡೇ ಬಾ. ಇದು ಇವತ್ತಿಗೆ ಅಷ್ಟೇಯ.”

ಕಾರಿನ ಕೆಂಪು ದೀಪ ಹೆದ್ದಾರಿಯತ್ತ ತಿರುಗಿತು.