ಕುಡಿತ ಬಿಟ್ಟು ಬಂದ ಮಗ, ಮನೆಯ ಹೊಸ ಕರಾರು

ಡಿ-ಅಡಿಕ್ಷನ್ ವಾರ್ಡಿನಿಂದ ಮಗನನ್ನು ಕರೆದೊಯ್ಯುವ ದಿನ ಅಪ್ಪ-ಅಮ್ಮ ಮಾತ್ರೆಯ ಬಗ್ಗೆ ಕೇಳುವುದು ಕಡಿಮೆ. “ಇನ್ಮೇಲೆ ಕೈಗೆ ದುಡ್ಡು ಕೊಡಬಹುದಾ?” “ಲೇಟಾದ್ರೆ ಹುಡುಕ್ಕೊಂಡು ಹೋಗಬೇಕಾ?” “ತಂಗಿ ಬೀಗರೂಟಕ್ಕೆ ಕರ್ಕೊಂಡು ಹೋಗೋದಾ, ಬೇಡ್ವಾ?” ಅವರ ಪ್ರಶ್ನೆಗಳು ಇಂಥವು. ಹಳೇ ಮೈಸೂರು ಕಡೆಯ ಕುಟುಂಬಗಳ ಜೊತೆ ಆಪ್ತಸಮಾಲೋಚಕನಾಗಿ ಕೂತು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಮೂವತ್ತು ದಾಟಿದ ಮಗನೂ ಅಪ್ಪನ ಸೂರಿನಡಿಯೇ ಇರುವ ಊರುಗಳಿವು. ಒಂದೇ ಒಲೆ, ಒಂದೇ ಜಮೀನು. ‘ಹೊರಗೆ ಹಾಕಿ’ ಎಂಬ ಸಲಹೆ ಇಲ್ಲಿ ಸುಲಭಕ್ಕೆ ನಡೆಯುವುದಿಲ್ಲ. ಒಟ್ಟಿಗಿದ್ದುಕೊಂಡೇ ಕರಾರು ಮಾಡಿಕೊಳ್ಳಬೇಕು. ಆ ಕರಾರಿನಲ್ಲಿ ಹೆತ್ತವರು ತಾವೇನು ಮಾಡುತ್ತೇವೆ, ಏನು ಮಾಡುವುದಿಲ್ಲ ಎಂದು ಬರೆದ ಸಾಲುಗಳು ಮಾತ್ರ ಬಾಳುತ್ತವೆ. ಮಗ ಎಂದು ಬರೆದಿದ್ದೇನೆ. ಮಗಳಾದರೂ ಮಾತು ಇದೇ.

1. ಉಳಿಸಿಕೊಳ್ಳಬಲ್ಲ ಮಾತನ್ನಷ್ಟೇ ಆಡಿ

“ಇನ್ನೊಂದ್ಸಲ ಕುಡ್ಕೊಂಡ್ ಬಂದ್ರೆ ಬಾಗಿಲು ತೆಗೆಯಲ್ಲ” ಎಂದು ಅಪ್ಪ ಹೇಳುತ್ತಾರೆ. ರಾತ್ರಿ ಹನ್ನೊಂದಕ್ಕೆ ಮಗ ಜಗಲಿಯ ಮೇಲೆ ಬಿದ್ದಿದ್ದರೆ ಅಮ್ಮ ಬಾಗಿಲು ತೆಗೆಯುತ್ತಾರೆ. ನಾಲ್ಕು ಸಲ ಹೀಗಾದರೆ ಅಪ್ಪನ ಮಾತಿನ ಬೆಲೆ ಎಷ್ಟೆಂದು ಮಗನಿಗೆ ಗೊತ್ತಾಗುತ್ತದೆ. ಅದರ ಬದಲು ಚಿಕ್ಕ ಮಾತು ಆಡಿ: “ಕುಡಿದು ಬಂದ ರಾತ್ರಿ ನಿನ್ನ ಜೊತೆ ಯಾವ ಮಾತಿಗೂ ಕೂರಲ್ಲ. ಊಟ ಮುಚ್ಚಿಟ್ಟಿರ್ತೀವಿ. ಏನಿದ್ರೂ ಬೆಳಿಗ್ಗೆ.” ಎಂಥ ಕೆಟ್ಟ ರಾತ್ರಿಯಲ್ಲೂ ಇದನ್ನು ನಡೆಸಬಹುದು. ಅಮಲಿನಲ್ಲಿರುವವನ ಜೊತೆ ಜಮೀನಿನ ಪಾಲು ಮಾತಾಡಿ ತೀರ್ಮಾನಕ್ಕೆ ಬಂದ ಮನೆಯನ್ನು ನಾನು ಕಂಡಿಲ್ಲ. ಪ್ರತಿ ಸಾಲಿಗೂ ನನ್ನ ಪ್ರಶ್ನೆ ಒಂದೇ: ಅಮ್ಮ ಅಳುತ್ತಿದ್ದರೂ, ಪಕ್ಕದ ಮನೆಯವರು ಇಣುಕುತ್ತಿದ್ದರೂ ಇದನ್ನು ನಡೆಸುತ್ತೀರಾ? ಅನುಮಾನವಿದ್ದರೆ ಆ ಸಾಲನ್ನು ಹೊಡೆದುಹಾಕಿ.

2. ಮೊದಲ ಮಾತುಕತೆ ಮಗನಿಲ್ಲದೆ ನಡೆಯಲಿ

ಅಪ್ಪ ಬೈಯುತ್ತಾರೆ, ಅಮ್ಮ ಗೃಹಲಕ್ಷ್ಮಿಯ ಎರಡು ಸಾವಿರದಲ್ಲಿ ಐನೂರು ಎತ್ತಿ ಕೊಡುತ್ತಾರೆ. ಅಜ್ಜಿಯ ಪಿಂಚಣಿ ಇದೆ. ಬೆಂಗಳೂರಿನ ಅಕ್ಕ ‘ಪಾಪ’ ಎಂದು ಫೋನ್‌ಪೇ ಮಾಡುತ್ತಾಳೆ. ಸೋದರಮಾವ ಕೈಸಾಲ ಕೊಡುತ್ತಾನೆ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದಿರುತ್ತದೆ ಎಂಬುದು ಮಗನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಹಣ ಕೊಡುವವರೆಲ್ಲ ಮೊದಲು ಒಂದು ಕಡೆ ಕೂರಲಿ, ದೂರದವರು ಫೋನಿನಲ್ಲಿ ಸೇರಲಿ. ಈವರೆಗೆ ಯಾರು ಎಷ್ಟು ಕೊಟ್ಟಿದ್ದಾರೆ ಎಂದು ಬಾಯಿಬಿಟ್ಟು ಹೇಳಿದ ಕ್ಷಣವೇ ಅರ್ಧ ಕೆಲಸ ಮುಗಿಯುತ್ತದೆ. ಕೊಟ್ಟವರನ್ನು ಹಂಗಿಸಬೇಡಿ, ಹಂಗಿಸಿದರೆ ಮುಂದಿನ ಸಲ ಮುಚ್ಚಿಡುತ್ತಾರೆ.

3. ಸಾಲ ತೀರಿಸುವ ಆತುರ ಬೇಡ

‘ಎಲ್ಲ ತೀರಿಸಿಬಿಟ್ಟರೆ ಹೊಸದಾಗಿ ಶುರು ಮಾಡ್ತಾನೆ’ ಎಂದು ಅಪ್ಪ ಒಡವೆ ಅಡ ಇಡುತ್ತಾರೆ. ಬಾರಿನ ಬಾಕಿ, ಸಾಲದ ಆ್ಯಪ್, ಸ್ನೇಹಿತರ ಕೈಸಾಲ ಎಲ್ಲ ಒಂದೇ ವಾರದಲ್ಲಿ ತೀರಿದರೆ ಮಗನಿಗೆ ಮತ್ತೆ ಸಾಲ ಹುಟ್ಟುತ್ತದೆ, ಅಷ್ಟೆ. ಪಟ್ಟಿಯನ್ನು ಅವನೇ ಬರೆಯಲಿ, ತನ್ನ ದುಡಿಮೆಯಿಂದ ತಿಂಗಳಿಗಿಷ್ಟು ಎಂದು ಕಟ್ಟಲಿ. ಕೊಟ್ಟವರಿಗೆ ನೀವು ಹೇಳಬೇಕಾದದ್ದು ಇಷ್ಟೇ: “ಇನ್ಮುಂದೆ ಕೊಟ್ಟರೆ ನಾವು ಜವಾಬ್ದಾರರಲ್ಲ.” ಬಸ್ ಪಾಸ್, ಔಷಧಿ, ಮೊಬೈಲ್ ರೀಚಾರ್ಜ್‌ಗೆ ನೆರವಾಗುವುದಿದ್ದರೆ ನೇರವಾಗಿ ನೀವೇ ಕಟ್ಟಿ. ಅವನ ಸಂಬಳದ ಎಟಿಎಂ ಕಾರ್ಡನ್ನು ಮಾತ್ರ ಕಿತ್ತಿಟ್ಟುಕೊಳ್ಳಬೇಡಿ. ‘ಸ್ವಲ್ಪ ದಿನ ನೀವೇ ಇಟ್ಕೊಳಿ’ ಎಂದು ಅವನೇ ಕೊಟ್ಟರೆ ಇಟ್ಟುಕೊಳ್ಳಿ, ವಾಪಸು ಕೊಡುವ ದಿನಾಂಕವನ್ನೂ ಆಗಲೇ ಹೇಳಿ.

4. ಅವನ ಪರವಾಗಿ ಫೋನ್ ಮಾಡಬೇಡಿ

‘ಜ್ವರ ಬಂದಿದೆ ಸಾರ್’ ಎಂದು ಅಮ್ಮ ಸೂಪರ್‌ವೈಸರ್‌ಗೆ ಹೇಳುವ ಸುಳ್ಳು ಮಗನ ಕೆಲಸ ಉಳಿಸುವುದಕ್ಕಿಂತ ಕುಡಿತ ಉಳಿಸುವುದೇ ಹೆಚ್ಚು. ಮಾಡುವುದಿದ್ದರೆ ಅವನೇ ಮಾಡಲಿ. ಹಾಗೆಂದು ಚಿಕಿತ್ಸೆಯ ವಿಷಯವನ್ನು ಹಾಲಿನ ಡೈರಿಯ ಮುಂದೆ ಮಾತಾಡುವುದೂ ಬೇಡ. ಯಾರಿಗೆ ಹೇಳಬೇಕು ಎಂಬ ತೀರ್ಮಾನ ಅವನದು.

5. ಅಪ್ಪನ ಬಾಟಲಿಯೂ ಲೆಕ್ಕಕ್ಕೆ ಬರುತ್ತದೆ

‘ನಾನು ದಿನಾ ಒಂದೇ ಪೆಗ್, ಅವನ ಹಾಗಲ್ಲ’ ಎನ್ನುವ ಅಪ್ಪಂದಿರು ಬಹಳ. ಇರಬಹುದು. ಆದರೆ ಬೀರುವಿನಲ್ಲಿ ಬಾಟಲಿ ಇಟ್ಟುಕೊಂಡು ಮಗನ ಜೇಬು ತಡಕುವ ಮನೆಯಲ್ಲಿ ಯಾವ ಕರಾರೂ ನಿಲ್ಲುವುದಿಲ್ಲ. ಮನೆಯೊಳಗೆ ಮದ್ಯ ಯಾರಿಗೂ ಇಲ್ಲ ಎಂಬುದು ಮೊದಲ ವರ್ಷದ ಮೊದಲ ಸಾಲಾಗಲಿ. ಕ್ಯಾಲೆಂಡರ್ ತೆಗೆದು ಅಪಾಯದ ದಿನಗಳಿಗೆ ಗುರುತು ಹಾಕಿ: ಯುಗಾದಿ ಮಾರನೆಯ ಹೊಸತೊಡಕು, ಊರ ಹಬ್ಬ, ಬೀಗರೂಟ, ಅಯ್ಯಪ್ಪನ ಮಾಲೆ ತೆಗೆದ ದಿನ. ಪಿತೃಪಕ್ಷದಲ್ಲಿ ತೀರಿಹೋದವರಿಗೆ ಇಷ್ಟವಿತ್ತೆಂದು ಎಡೆಗೆ ಕ್ವಾರ್ಟರ್ ಇಡುವ ಮನೆಗಳಿವೆ. ಎಡೆ ಎತ್ತಿದ ಮೇಲೆ ಅದು ಯಾರ ಕೈಗೆ ಹೋಗುತ್ತದೆ ಎಂದು ಮೊದಲೇ ಯೋಚಿಸಿ. ಈ ವರ್ಷ ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಬಡಿಸಿದರೆ ಹಿರಿಯರು ಮುನಿಯಲಾರರು. ಬೀಗರೂಟಕ್ಕೆ ಹೋಗುವುದೇ ಆದರೆ ಉಂಡು ಬೇಗ ಹೊರಡುವುದೆಂದು ಮೊದಲೇ ಮಾತಾಗಲಿ. ಜೊತೆಗೆ ಹೊರಡುವವರು ಯಾರೆಂದೂ ಗೊತ್ತಿರಲಿ.

6. ಕದ್ದು ಮಾತ್ರೆ ಕೊಡಬೇಡಿ

‘ಗೊತ್ತಾಗದ ಹಾಗೆ ಸಾರಲ್ಲಿ ಹಾಕಿ’ ಎಂದು ಪುಡಿ ಮಾರುವವರಿದ್ದಾರೆ. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಂ ಮಾತ್ರೆಯನ್ನು ತಿಳಿಯದೆ ನುಂಗಿದವನು ಮದ್ಯ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ, ಜೀವಕ್ಕೂ ಅಪಾಯ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಹೀಗಾಗಬಹುದು. ಅದೇ ಮಾತ್ರೆ, ಅವನು ಒಪ್ಪಿ, ತಿಂಡಿಯಾದ ಮೇಲೆ ನಿಮ್ಮ ಎದುರು ತಾನೇ ನುಂಗಿದಾಗ ಚೆನ್ನಾಗಿ ಕೆಲಸ ಮಾಡುತ್ತದೆ. ಬೆಳಗಿನ ಆ ಒಂದು ನಿಮಿಷ ಮುಗಿದ ಮೇಲೆ ಇಡೀ ದಿನ ಬಾಯಿ ಮೂಸುವುದನ್ನು ಬಿಟ್ಟುಬಿಡಿ.

7. ಹೆಣ್ಣು ನೋಡಲು ಹೋಗಬೇಡಿ

‘ಮದುವೆ ಮಾಡಿದ್ರೆ ಜವಾಬ್ದಾರಿ ಬರುತ್ತೆ’ ಎಂಬ ಮಾತು ವಾರ್ಡಿನ ಹೊರಗೆ ಬೆಂಚಿನ ಮೇಲೆಯೇ ಶುರುವಾಗುತ್ತದೆ. ನಿಮ್ಮಿಂದಾಗದ ಕೆಲಸವನ್ನು ಇನ್ನೊಬ್ಬರ ಮಗಳ ಹೆಗಲಿಗೆ ಹಾಕುವುದಿದು. ಕನಿಷ್ಠ ಒಂದು ವರ್ಷ ಈ ಮಾತು ಎತ್ತುವುದಿಲ್ಲ ಎಂದು ನಿಮಗೆ ನೀವೇ ಕಟ್ಟು ಹಾಕಿಕೊಳ್ಳಿ. ಆಮೇಲೆ ನೋಡುವಾಗಲೂ ಚಿಕಿತ್ಸೆಯ ವಿಷಯವನ್ನು ಮಗನೇ ಹುಡುಗಿಗೆ ಹೇಳಬೇಕು. ಸೊಸೆ ಈಗಾಗಲೇ ಮನೆಯಲ್ಲಿದ್ದರೆ, ಅವಳು ತವರಿಗೆ ಹೋಗುವುದೋ ಇರುವುದೋ ಅವಳ ತೀರ್ಮಾನ. ‘ಸ್ವಲ್ಪ ಸಹಿಸ್ಕೋ’ ಎಂದು ಹೇಳುವ ಹಕ್ಕು ನಿಮಗಿಲ್ಲ.

8. ಕರಾರು ಬದಿಗಿಟ್ಟು ಆಸ್ಪತ್ರೆಗೆ ಓಡುವ ಹೊತ್ತೂ ಇದೆ

ದಿನವೂ ಹೆಚ್ಚು ಕುಡಿಯುತ್ತಿದ್ದವನನ್ನು ಕೋಣೆಯಲ್ಲಿ ಕೂಡಿಹಾಕಿ ‘ಬಿಡಿಸುವುದು’ ಅಪಾಯ. ಥಟ್ಟನೆ ನಿಲ್ಲಿಸಿದ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು ಶುರುವಾಗುತ್ತವೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಇಲ್ಲದ್ದು ಕಾಣುವುದು, ಯಾರೆಂದು ಗುರುತು ಹತ್ತದಿರುವುದು ಕಾಣಿಸಿಕೊಂಡರೆ ಅದು ಜೀವ ತೆಗೆಯಬಲ್ಲ ಸ್ಥಿತಿ. ಬೀದಿ ಕೊನೆಯ ಕ್ಲಿನಿಕ್ಕಿನ ಗ್ಲೂಕೋಸ್ ಬಾಟಲಿ ಇದಕ್ಕೆ ಚಿಕಿತ್ಸೆಯಲ್ಲ. ಬಿ1 ವಿಟಮಿನ್, ಸರಿಯಾದ ಔಷಧಿ ಆಸ್ಪತ್ರೆಯಲ್ಲೇ ಆಗಬೇಕು. ಕುಡಿದು ಮಲಗಿದವನು ಅಲುಗಾಡಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ ಪಕ್ಕಕ್ಕೆ ಹೊರಳಿಸಿ 108ಕ್ಕೆ ಕರೆ ಮಾಡಿ. ಹೆರಾಯಿನ್‌ನಂಥ ಅಫೀಮು ಜಾತಿಯ ಡ್ರಗ್ಸ್ ಬಿಟ್ಟವನು ಮತ್ತೆ ಹಳೇ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು, ಏಕೆಂದರೆ ದೇಹ ಆ ಅಭ್ಯಾಸ ಮರೆತಿರುತ್ತದೆ. ‘ಸಾಯ್ತೀನಿ’ ಎಂಬ ಮಾತನ್ನು ನಾಟಕ ಎಂದುಕೊಳ್ಳಬೇಡಿ. ಒಬ್ಬನೇ ಇರಲು ಬಿಡಬೇಡಿ, ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

9. ಮತ್ತೆ ಕುಡಿದರೆ ಏನು ಎಂಬುದನ್ನು ಚೆನ್ನಾಗಿರುವಾಗಲೇ ಬರೆದಿಡಿ

ಮರುಕಳಿಸುವುದು ಈ ಕಾಯಿಲೆಯ ಸ್ವಭಾವ. ಆ ದಿನ ಯಾರ ತಲೆಯೂ ಓಡುವುದಿಲ್ಲ. ಹಾಗಾಗಿ ಮಗನ ಜೊತೆ ಕೂತು, ಅವನದೇ ಅಕ್ಷರದಲ್ಲಿ ಮೊದಲೇ ಬರೆಸಿ: ಯಾರಿಗೆ ಫೋನ್ ಮಾಡುತ್ತಾನೆ, ಎಷ್ಟು ದಿನದೊಳಗೆ ವೈದ್ಯರನ್ನು ನೋಡುತ್ತಾನೆ, ಬೈಕಿನ ಕೀ ಯಾರ ಬಳಿ ಇರುತ್ತದೆ. ‘ಗಾಡಿ ಕರೆಸಿ ಎತ್ತಾಕ್ಕೊಂಡು ಹೋಗ್ತೀವಿ’ ಎಂಬ ಬೆದರಿಕೆ ಅದರಲ್ಲಿ ಇರಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕುಡಿತ, ಡ್ರಗ್ಸ್‌ನಿಂದಾದ ಮಾನಸಿಕ ಸ್ಥಿತಿಗಳನ್ನೂ ಒಳಗೊಂಡಿದೆ. ವಯಸ್ಕನನ್ನು ಅವನ ಒಪ್ಪಿಗೆಯಿಲ್ಲದೆ ಸೇರಿಸಿಕೊಳ್ಳಲು ಅವನಿಗೋ ಇತರರಿಗೋ ಅಪಾಯವಿದೆ, ಇಲ್ಲವೇ ತನ್ನನ್ನು ತಾನು ನೋಡಿಕೊಳ್ಳಲಾರ ಎಂದು ತಜ್ಞರು ಪರೀಕ್ಷಿಸಿ ಹೇಳಬೇಕು. ಸೇರಿಸಿಕೊಳ್ಳುವ ಕೇಂದ್ರಕ್ಕೆ ನೋಂದಣಿಯೂ ಇರಬೇಕು. ಇದೆಯೇ ಎಂದು ಕೇಳಿ ನೋಡಿ.

10. ಕೈ ಎತ್ತಿದರೆ ಮಾತುಕತೆ ಇಲ್ಲ

ಹೊಡೆತಕ್ಕೆ ಎರಡನೇ ಅವಕಾಶವಿಲ್ಲ ಎಂಬುದು ಬದಲಾಗದ ಸಾಲು. ಆ ಹೊತ್ತಿಗೆ 112ಕ್ಕೆ ಕರೆ ಮಾಡಿ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ತಾಯಿಯೂ ಮಗನ ವಿರುದ್ಧ ರಕ್ಷಣೆ ಕೇಳಬಹುದು. ಮಗನನ್ನು ಮನೆಯಿಂದ ಹೊರಗೆ ಕಳಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಸ್ವಯಾರ್ಜಿತ ಮನೆಯ ಲೆಕ್ಕ ಬೇರೆ, ಪಿತ್ರಾರ್ಜಿತದ್ದು ಬೇರೆ, ವಕೀಲರನ್ನು ಕೇಳಿ. ಮಗನ ಮೇಲಿನ ಸಿಟ್ಟಿಗೆ ಸೊಸೆಯನ್ನೂ ಹೊರಹಾಕಲು ಈ ಕಾಯ್ದೆ ಬಳಸಬೇಡಿ. ಬೆಂಗಳೂರಿನಿಂದಲೇ ಹೋದ ಎಸ್. ವನಿತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಸೊಸೆಯ ವಾಸದ ಹಕ್ಕನ್ನು ಇದರಿಂದ ಅಳಿಸಲಾಗದು ಎಂದಿದೆ. ಮನಸ್ಸು ಕರಗಿದ ದಿನ ಜಮೀನನ್ನು ಮಗನ ಹೆಸರಿಗೆ ಬರೆಯಲು ಹೊರಡಬೇಡಿ. ಮುಂದೆಂದಾದರೂ ದಾನಪತ್ರ ಮಾಡುವುದಾದರೆ, ನಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಅದರಲ್ಲೇ ಬರೆಸಿ.

11. ಕುಡಿಯದ ಸಂಜೆಗೆ ಬೆಲೆ ಕೊಡಿ, ಕರಾರು ಸಡಿಲಿಸಿ

ಕುಡಿದು ಬಂದ ದಿನ ಮನೆಮಂದಿಯೆಲ್ಲ ಸುತ್ತ ಸೇರುತ್ತಾರೆ. ಕುಡಿಯದೆ ಬಂದ ದಿನ ಎಲ್ಲರೂ ಟಿವಿ ನೋಡುತ್ತಾರೆ. ಇದನ್ನು ತಿರುಗಿಸಬೇಕು. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್, ರಾಬರ್ಟ್ ಮೇಯರ್ಸ್ ಮತ್ತಿತರರು 1999ರಲ್ಲಿ ಪ್ರಕಟಿಸಿದ ಅಧ್ಯಯನ, ಚಿಕಿತ್ಸೆಗೆ ಒಪ್ಪದ ಕುಡುಕರ ಮನೆಯವರನ್ನು ಕುರಿತದ್ದು. ಕುಡಿಯದ ಹೊತ್ತಿಗೆ ಪ್ರೀತಿ ತೋರಿಸಿ, ಕುಡಿದಾಗ ದೂರ ಸರಿಯಲು ಕಲಿತ ಮನೆಗಳಲ್ಲಿ ಶೇ 64ರಷ್ಟು ಮಂದಿ ಚಿಕಿತ್ಸೆಗೆ ಬಂದರು. ಎಲ್ಲರೂ ಸುತ್ತುವರಿದು ಒತ್ತಾಯಿಸುವ ದಾರಿಯಲ್ಲಿ ಬಂದವರು ಶೇ 30. ಅವನು ನೆಟ್ಟಗೆ ಬಂದ ಸಂಜೆ ಜೊತೆಗೆ ಕೂತು ಉಣ್ಣಿ, ತೋಟದ ವಿಷಯಕ್ಕೆ ಅವನ ಅಭಿಪ್ರಾಯ ಕೇಳಿ. ನಿಮ್ಮ ಮನಸ್ಸಿಗೂ ಒಂದು ಜಾಗ ಬೇಕು: ಕುಡಿಯುವವರ ಮನೆಮಂದಿಗಾಗಿಯೇ 1951ರಲ್ಲಿ ಅಮೆರಿಕದಲ್ಲಿ ಶುರುವಾದ ಅಲ್-ಅನಾನ್ ಸಭೆಗಳು ಬೆಂಗಳೂರಿನಲ್ಲೂ ನಡೆಯುತ್ತವೆ. ಮಗನಿಗೆ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಸಭೆಗಳಿವೆ. ಧರ್ಮಸ್ಥಳದ ಮದ್ಯವರ್ಜನ ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿಗಳಿವೆ.

ಮೂರು ತಿಂಗಳಿಗೊಮ್ಮೆ ಕರಾರಿನ ಕಾಗದ ತೆಗೆದು ಎಲ್ಲರೂ ಓದಿ. ಕರಾರು ನಿಂತ ಪ್ರತಿ ಅವಧಿಗೆ ಒಂದು ಸಾಲಾದರೂ ಹೊಡೆಯಿರಿ: ಎಟಿಎಂ ಕಾರ್ಡ್, ಬೈಕಿನ ಕೀ, ಡೈರಿಯ ಹಣ ತರುವ ಕೆಲಸ. ಬಿಗಿಯಾಗುತ್ತಲೇ ಹೋಗುವ ಕರಾರಿಗೆ ಯಾವ ವಯಸ್ಕನೂ ಬಹಳ ದಿನ ಸಹಿ ಹಾಕಲಾರ. ಯಾವ ಸಾಲು ಹೊಡೆಯಬೇಕೆಂದು ಅವನನ್ನೇ ಕೇಳಿ. ‘ದುಡ್ಡಿನ ಸಾಲು ಇನ್ನೊಂದು ಮೂರು ತಿಂಗಳು ಇರಲಿ’ ಎಂದು ಮಗನೇ ಹೇಳುವುದೂ ಉಂಟು. ಹಾಗೆ ಹೇಳಿದ ಸಾಲನ್ನು ಅಲ್ಲಿಂದ ಮುಂದೆ ಕಾಯುವವನು ಅವನೇ. ನೀವು ಆ ಕಾವಲಿನಿಂದ ಬಿಡುಗಡೆ.