ಕಡ್ಡಿಯ ತುದಿ ಎಡಕ್ಕೆ

ಒಸಾಕಾದಲ್ಲಿ ಜೂನ್ ಅಂದರೆ ಜಡಿಮಳೆ. ನಾನು ಇಲ್ಲಿಗೆ ಬಂದ ಮೊದಲ ವರ್ಷ ಕ್ಯಾಮೆರಾ ಹೊರಗೆ ತೆಗೆಯಲಾಗದೆ ಮನೆಯಲ್ಲೇ ಕೂತಿದ್ದೆ. ಮನೆಯೆಂದರೆ ಆರು ಚಾಪೆಯ ಒಂದು ಕೋಣೆ; ಇಲ್ಲಿ ಕೋಣೆಗಳನ್ನು ಚಾಪೆಯ ಲೆಕ್ಕದಲ್ಲಿ ಅಳೆಯುತ್ತಾರೆ. ಏನನ್ನಾದರೂ ಕ್ಲಿಕ್ಕಿಸಬೇಕು ಎಂದು ಹುಡುಕುತ್ತಿದ್ದಾಗ ಅಡುಗೆಮನೆಯ ಡ್ರಾಯರಿನಲ್ಲಿ ರಾಶಿ ಬಿದ್ದಿದ್ದ ವರಿಬಶಿ ಕಣ್ಣಿಗೆ ಬಿತ್ತು. ಅಂಗಡಿಯ ಊಟದ ಡಬ್ಬಿ ಜೊತೆ ಕೊಡುತ್ತಾರಲ್ಲ, ಸೀಳಿ ಎರಡು ಮಾಡಿಕೊಂಡು, ಉಂಡು, ಎಸೆಯುವ ಮರದ ಕಡ್ಡಿಗಳು.

ಆಗ ನನ್ನ ತಲೆಯಲ್ಲಿದ್ದದ್ದು ಆಂದ್ರೆ ಕೆರ್ಟೆಸ್ 1928ರಲ್ಲಿ ಪ್ಯಾರಿಸ್ಸಿನಲ್ಲಿ ತೆಗೆದ ಫೋಟೊ. ತಟ್ಟೆಯ ಅಂಚಿಗೆ ಒರಗಿದ ಒಂದು ಫೋರ್ಕು, ಅದರ ನೆರಳು, ಅಷ್ಟೇ. ಅದೇ ರೀತಿ ಚಾಪ್‌ಸ್ಟಿಕ್ಕನ್ನು ಬಟ್ಟಲಿಗೆ ಒರಗಿಸಿ ನೂರಾರು ಸಲ ತೆಗೆದೆ, ಒಂದೂ ನಿಲ್ಲಲಿಲ್ಲ. ಫೋರ್ಕಿಗೆ ಹಲ್ಲಿದೆ, ಬಾಗಿದ ಕುತ್ತಿಗೆಯಿದೆ, ನೆರಳಿನಲ್ಲೂ ಅದು ಫೋರ್ಕೇ. ಚಾಪ್‌ಸ್ಟಿಕ್ ಬರೀ ಎರಡು ಗೆರೆ, ಅದರ ನೆರಳು ಇನ್ನೆರಡು ಗೆರೆ. ಈ ನಾಲ್ಕು ಗೆರೆಗಳನ್ನು ದಿನಗಟ್ಟಲೆ ನೋಡಿದ ಮೇಲೆ ಒಂದು ಸಂಗತಿ ಕಂಡಿತು. ತುದಿ ಮೇಜಿಗೆ ತಾಗಿದ ಕಡೆ ನೆರಳು ಕಡ್ಡಿಗೆ ಅಂಟಿಕೊಂಡೇ ಇರುತ್ತದೆ, ಅಂಚು ಚಾಕುವಿನಿಂದ ಕೊಯ್ದಂತೆ. ಮೇಲೆ ಹೋದ ಹಾಗೆ ನೆರಳು ಕಡ್ಡಿಯಿಂದ ದೂರ ಸರಿಯುತ್ತದೆ, ಅಂಚು ಮಸುಕಾಗುತ್ತದೆ. ಚಿತ್ರ ಇದ್ದದ್ದು ಕಡ್ಡಿಯಲ್ಲಲ್ಲ, ಆ ಸರಿದ ಜಾಗದಲ್ಲಿ. ಅಂದಿನಿಂದ ನಾನು ಫೋಕಸ್ ಮಾಡುವುದು ತುದಿ ಮತ್ತು ನೆರಳು ಕೂಡುವಲ್ಲಿ.

ಮೆರುಗೆಣ್ಣೆ ಬಳಿದ ಕಪ್ಪು ಚಾಪ್‌ಸ್ಟಿಕ್ ಕಲಿಸಿದ ಪಾಠ ಬೇರೆ. ಅದಕ್ಕೆ ತನ್ನದೆಂಬ ಬಣ್ಣವೇ ಇಲ್ಲವೇನೋ ಅನ್ನಿಸುವಷ್ಟು ಅದು ಸುತ್ತಲಿನದನ್ನೆಲ್ಲ ತೋರಿಸುತ್ತದೆ: ಟ್ಯೂಬ್‌ಲೈಟು, ಕಿಟಕಿಯ ಚೌಕಟ್ಟು, ನನ್ನ ಅಂಗಿ. ಕೊನೆಗೆ ಮೈಸೂರಿನಿಂದ ತಂದಿದ್ದ ಬಿಳಿ ಪಂಚೆಯನ್ನು ಕಿಟಕಿಗೆ ಅಡ್ಡ ಕಟ್ಟಿದೆ. ಬೆಳಕು ಹಾಲಿನ ಕೆನೆಯಂತೆ ಹರಡಿ ಕಡ್ಡಿಯ ಉದ್ದಕ್ಕೂ ಒಂದೇ ಬಿಳಿ ಗೆರೆ ಬಂತು. ಲೆನ್ಸಿಗೆ ಪೋಲರೈಸರ್ ಫಿಲ್ಟರು ಹಾಕಿ, ಸರಿಯಾದ ಕೋನದಲ್ಲಿ ನಿಂತು ತಿರುಗಿಸಿದರೆ ಆ ಗೆರೆಯೂ ಮಾಯವಾಗುತ್ತದೆ. ಇದನ್ನೇ ಕೊರಿಯಾದವರ ಚಪ್ಪಟೆ ಸ್ಟೀಲ್ ಚಾಪ್‌ಸ್ಟಿಕ್ ಮೇಲೆ ಮಾಡಿ ನೋಡಿದೆ, ಫಿಲ್ಟರು ಎಷ್ಟು ತಿರುಗಿಸಿದರೂ ಹೊಳಪು ಕದಲಲಿಲ್ಲ. ಲೋಹದ ಹೊಳಪೇ ಬೇರೆ ಜಾತಿ. ಆ ಜೊತೆಯನ್ನು ಕೊಂಡದ್ದು ಕೊರಿಯನ್ ಅಂಗಡಿಗಳಿಗೆ ಹೆಸರಾದ ತ್ಸುರುಹಶಿಯಲ್ಲಿ. ಆ ಜಾಗದ ಹೆಸರಿನ 'ಹಶಿ' ಎಂದರೆ ಸೇತುವೆ. ಊಟದ ಕಡ್ಡಿಗೂ 'ಹಶಿ' ಎಂದೇ ಹೆಸರು. ಬರೆಯುವ ಅಕ್ಷರ ಬೇರೆ, ನುಡಿಯುವಾಗಿನ ಏರಿಳಿತ ಬೇರೆ. ಆ ದಿನ ಅದು ಬರೀ ಮೋಜಿನ ಮಾತಾಗಿ ಕಂಡಿತ್ತು.

ಮಳೆಗಾಲ ಮುಗಿದ ಮೇಲೆ ಫುಕುಯಿ ಪ್ರಾಂತದ ಒಬಾಮಾ ಊರಿಗೆ ಹೋದೆ. ತ್ಸುರುಗಾದಲ್ಲಿ ರೈಲು ಬದಲಿಸಿ, ಕಡಲ ಪಕ್ಕದ ಪುಟ್ಟ ರೈಲಿನಲ್ಲಿ ಹೋಗಬೇಕು. ಜಪಾನಿನ ಮೆರುಗೆಣ್ಣೆ ಚಾಪ್‌ಸ್ಟಿಕ್‌ಗಳಲ್ಲಿ ಹತ್ತಕ್ಕೆ ಎಂಟು ಪಾಲು ಅಲ್ಲಿಯವೇ. ಮರದ ಮೇಲೆ ಮೊಟ್ಟೆಯ ಸಿಪ್ಪೆ, ಚಿಪ್ಪಿನ ಚೂರುಗಳನ್ನು ಅಂಟಿಸಿ, ಮೇಲೆ ಮೆರುಗೆಣ್ಣೆಯನ್ನು ಪದರ ಪದರವಾಗಿ ಬಳಿದು ಎಲ್ಲವನ್ನೂ ಮುಚ್ಚಿಬಿಡುತ್ತಾರೆ. ಆಮೇಲೆ ಉಜ್ಜುತ್ತಾರೆ. ನನ್ನ ಕೈಗೂ ಒಂದು ಜೊತೆ ಕೊಟ್ಟು ಉಜ್ಜಲು ಹೇಳಿದರು. ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಮತ್ತೆ ಕಡಲ ತಳದಲ್ಲಿ ಬಿದ್ದಿದ್ದಂತೆ ಚಿಪ್ಪು ಮಿನುಗಿತು. ಅವಸರಪಟ್ಟು ಜಾಸ್ತಿ ಉಜ್ಜಿದರೆ ಚಿಪ್ಪೂ ಸವೆದುಹೋಗುತ್ತದೆ.

ಆ ಹೊಸ ಜೊತೆಯ ಹುರುಪಿನಲ್ಲೇ ನನ್ನ ಅತ್ಯುತ್ತಮ ಫೋಟೊ ಎಂದು ನಾನು ನಂಬಿದ್ದನ್ನು ತೆಗೆದದ್ದು. ತಾವರೆ ಗೆಡ್ಡೆಯ ತೆಳು ಬಿಲ್ಲೆ, ಹಿಂದಿನಿಂದ ಬೆಳಕು, ತೂತುಗಳಲ್ಲೆಲ್ಲ ಬಂಗಾರದ ಬಣ್ಣ. ಒಂದು ಜೊತೆ ಕಪ್ಪು ಕಡ್ಡಿ ನನ್ನ ಕೈಯಲ್ಲಿ, ಒಂದು ಜೊತೆ ಕೆಂಪು ಕಡ್ಡಿ ಶಿವಮೊಗ್ಗದ ಗೆಳೆಯನ ಕೈಯಲ್ಲಿ. ಇಬ್ಬರೂ ಸೇರಿ ಒಂದೇ ಬಿಲ್ಲೆಯನ್ನು ಎತ್ತಿ ಹಿಡಿದಿದ್ದೆವು. 'ಸ್ನೇಹ' ಎಂದು ಹೆಸರಿಟ್ಟು, ಪ್ರಿಂಟ್ ಹಾಕಿಸಿ, ಪಕ್ಕದ ಮನೆಯ ಅಜ್ಜಿಗೆ ತೋರಿಸಿದೆ. ನನಗೆ ಮಿಸೊ ಸಾರು ಮಾಡಲು ಹೇಳಿಕೊಟ್ಟವರು ಅವರು.

ಅಜ್ಜಿ ಫೋಟೊವನ್ನು ಮಗುಚಿ ಇಟ್ಟರು. ಗದರಲಿಲ್ಲ. ಒಳಗೆ ಹೋಗಿ ಚಹಾ ತಂದು, ಕೂತುಕೊಂಡು, ನಿಧಾನವಾಗಿ ಹೇಳಿದರು. ಇಲ್ಲಿ ದಹನವಾದ ಮೇಲೆ ಮನೆಯವರು ಚಾಪ್‌ಸ್ಟಿಕ್ ಹಿಡಿದು ಅಸ್ಥಿ ಆರಿಸುತ್ತಾರೆ. ಕಾಲಿನ ಮೂಳೆಯಿಂದ ಶುರುಮಾಡಿ ತಲೆಯ ಕಡೆಗೆ ಹೋಗುತ್ತಾರೆ. ಒಂದೊಂದು ಚೂರನ್ನೂ ಇಬ್ಬರು ಸೇರಿ ಎತ್ತಿ ಕುಂಭದಲ್ಲಿಡುತ್ತಾರೆ. ಎರಡು ಜೊತೆ ಕಡ್ಡಿ ಒಂದೇ ವಸ್ತುವನ್ನು ಹಿಡಿಯುವುದು ಆ ಒಂದು ಹೊತ್ತಿನಲ್ಲಿ ಮಾತ್ರ, ಊಟದ ಮೇಜಿನಲ್ಲಿ ಎಂದಿಗೂ ಇಲ್ಲ. ಹೋದವರನ್ನು ಆಚೆ ದಡಕ್ಕೆ ದಾಟಿಸುವ ಸೇತುವೆ ಎಂದು 'ಹಶಿ' ಎಂಬ ಶಬ್ದವನ್ನು ಅದಕ್ಕೆ ಹೊಂದಿಸಿ ಹೇಳುವುದುಂಟು. "ನಾನು ನನ್ನ ಯಜಮಾನರನ್ನು ಮಗನ ಜೊತೆ ಸೇರಿ ಹೀಗೇ ಎತ್ತಿದೆ ಕಣಪ್ಪ," ಎಂದರು.

ನನಗೆ ಮಾತು ಹೊರಡಲಿಲ್ಲ. ಅಪ್ಪ ತೀರಿಕೊಂಡ ಮೂರನೆಯ ದಿನ ಬೂದಿಗೆ ಹಾಲು ಚಿಮುಕಿಸಿ, ಇದೇ ಕೈಯಿಂದ ಅಸ್ಥಿ ಆರಿಸಿ ಮಡಕೆಗೆ ಹಾಕಿ, ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಕಾವೇರಿಗೆ ಬಿಟ್ಟವನು ನಾನು. ಬೆರಳಿಗೆ ತಾಗಿದ ಆ ಹಗುರ ಇನ್ನೂ ನೆನಪಿದೆ. ಅದನ್ನು ಯಾರಾದರೂ ಚೆಂದದ ಬೆಳಕಿನಲ್ಲಿಟ್ಟು 'ಸ್ನೇಹ' ಎಂದು ಹೆಸರಿಟ್ಟಿದ್ದರೆ? ಗೆರೆ, ನೆರಳು, ಹೊಳಪು ಎಂದು ಇಷ್ಟು ತಿಂಗಳು ನೋಡಿದೆ. ದಿನಕ್ಕೆ ಮೂರು ಹೊತ್ತು ಆ ಕಡ್ಡಿ ಹಿಡಿಯುವ ಕೈಯನ್ನು ಒಮ್ಮೆಯೂ ಕೇಳಿರಲಿಲ್ಲ. ಪ್ರಿಂಟನ್ನು ಹರಿದು ಹಾಕಿದೆ, ಫೈಲನ್ನೂ ಅಳಿಸಿದೆ.

ಚಳಿಗಾಲದಲ್ಲಿ ಒಂದು ದಿನ ಅಜ್ಜಿಯೇ ಕರೆದರು. ಮೇಜಿನ ಮೇಲೆ ಮದುವೆಯಲ್ಲಿ ಬಂದ ಜೋಡಿ ಚಾಪ್‌ಸ್ಟಿಕ್ ಇತ್ತು. ಗಂಡನದು ಸ್ವಲ್ಪ ಉದ್ದ, ಹೆಂಡತಿಯದು ಸ್ವಲ್ಪ ಗಿಡ್ಡ. ಅಜ್ಜಿಯದರ ತುದಿಯಲ್ಲಿ ಕೆಂಪು ಪೂರ್ತಿ ಸವೆದು ಮರ ಕಾಣುತ್ತಿತ್ತು. ಗಂಡನದರಲ್ಲಿ ಆ ಸವೆತ ಅಷ್ಟಕ್ಕೇ ನಿಂತಿತ್ತು. ಇದನ್ನು ತೆಗೆದುಕೊಡು ಎಂದರು.

ಕಿಟಕಿ ಬಲಗಡೆಗಿತ್ತು. ಸವೆದ ತುದಿಗಳಿಗೆ ಬೆಳಕು ನೇರ ಬೀಳಲೆಂದು ಕಡ್ಡಿಗಳನ್ನು ಬಲಕ್ಕೆ ತುದಿ ಮಾಡಿ ಇಟ್ಟೆ. ಅಜ್ಜಿ ಏನೂ ಹೇಳದೆ ಕೈಚಾಚಿ ಎರಡೂ ಜೊತೆಯನ್ನು ಎಡಕ್ಕೆ ತಿರುಗಿಸಿದರು. ಊಟಕ್ಕೆ ಕೂರುವವರ ಮುಂದೆ ತುದಿ ಎಡಕ್ಕೇ ಇರಬೇಕು. ಈಗ ತುದಿ ಮಬ್ಬಿಗೆ ಹೋಯಿತು. ಕ್ಯಾಮೆರಾ ಕೆಳಗಿಟ್ಟೆ. ಅಜ್ಜಿ ಒಂದು ಕಡೆ, ನಾನು ಒಂದು ಕಡೆ ಹಿಡಿದು, ಮೇಲಿದ್ದದ್ದು ಅಲುಗದ ಹಾಗೆ ಆ ಗಿಡ್ಡ ಮೇಜನ್ನೇ ಎತ್ತಿ ಕಿಟಕಿಯ ಇನ್ನೊಂದು ಬದಿಗೆ ಇಟ್ಟೆವು.